ಉದ್ಯಮಬಾಗದ ಕೊಟೇಶನ್ನೂ ಗೇಮ್ ಥಿಯರಿಯೂ: ಟಿಳಕವಾಡಿಯ ಆರು ಭಾನುವಾರದ ಕ್ಲಾಸ್ ಬಗ್ಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ ಲೇಥ್, ಒಂದು ವಿಎಂಸಿ (ಎಲ್ಲ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್), ಏಳು ಜನ ಹುಡುಗರು. ಫೌಂಡ್ರಿಯಿಂದ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಪಾರ್ಟ್ ಬರುತ್ತದೆ, ನಾವು ಮಷಿನಿಂಗ್ ಮಾಡಿ ಕೊಡುತ್ತೇವೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಮಷಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ರೇಟ್ ತಪ್ಪಾಗಿ ಬರೆದರೆ ಮಾತ್ರ ಆ ಆರ್ಡರ್ ಮುಗಿಯುವವರೆಗೆ ಅನುಭವಿಸಬೇಕು. ಆದ್ದರಿಂದ ಗೆಳೆಯರೊಬ್ಬರು, ಟಿಳಕವಾಡಿಯಲ್ಲಿ ಸಣ್ಣ ಉದ್ಯಮದವರಿಗೆ ಗೇಮ್ ಥಿಯರಿ ಹೇಳಿಕೊಡುತ್ತಾರಂತೆ, ಕನ್ನಡದಲ್ಲೇ ಅಂತೆ ಅಂದಾಗ ಎರಡು ದಿನ ಯೋಚನೆ ಮಾಡಿ ಸೇರಿಕೊಂಡೆ. ಎದುರಿನವರು ಏನು ಮಾಡಬಹುದು ಅಂತ ಲೆಕ್ಕ ಹಾಕಿ ನಮ್ಮ ನಡೆ ಆರಿಸುವ ಶಾಸ್ತ್ರ ಅದು. ಆರು ಭಾನುವಾರ, ದಿನಕ್ಕೆ ಮೂರು ತಾಸು, ಫೀ 3,500 ರೂಪಾಯಿ. ಹೋಗಬೇಕೋ ಬೇಡವೋ ಅಂತ ನಾಲ್ಕೈದು ಜನ ಕೇಳಿದರು. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಮಾಡುವವರು ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಜಾಗ ಎರಡನೇ ರೈಲ್ವೆ ಗೇಟ್ ಕಡೆ, ಒಂದು ಮನೆಯ ಮೇಲಿನ ಹಾಲ್. ಗೇಟ್ ಬಿದ್ದರೆ ಹತ್ತು ನಿಮಿಷ ಹೋಯಿತು ಅಂತಲೇ ತಿಳಿಯಿರಿ, ಬೇಗ ಹೊರಡಿ. ನಮ್ಮ ಬ್ಯಾಚಿನಲ್ಲಿ 22 ಜನ ಇದ್ದೆವು. ಅರ್ಧಕ್ಕಿಂತ ಜಾಸ್ತಿ ಉದ್ಯಮಬಾಗ, ಮಚ್ಛೆ ಕಡೆಯ ಮಷಿನ್ ಶಾಪ್‌ನವರು. ಉಳಿದವರಲ್ಲಿ ತರಕಾರಿ ದಲಾಲಿ ಮಾಡುವವರು, ಒಬ್ಬ ಬೇಕರಿಯವರು, ಇಬ್ಬರು ಎಂಬಿಎ ಹುಡುಗಿಯರು.

ಮೊದಲ ಭಾನುವಾರ ಮೇಷ್ಟ್ರು ಬೋರ್ಡ್ ಮೇಲೆ ಏನೂ ಬರೆಯಲಿಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆ ಬರೆಯಿರಿ, ಎಲ್ಲರ ಸಂಖ್ಯೆಯ ಸರಾಸರಿ ತೆಗೆದು ಅದರ ಮೂರರಲ್ಲಿ ಎರಡು ಭಾಗಕ್ಕೆ ಯಾರು ಹತ್ತಿರ ಇರುತ್ತಾರೋ ಅವರು ಗೆದ್ದಂತೆ ಅಂದರು. ನಾನು ಸುಮ್ನೆ 50 ಬರೆದೆ. ಎಂಬಿಎ ಹುಡುಗಿಯೊಬ್ಬಳು 0 ಬರೆದಿದ್ದಳು. ಸರಾಸರಿ 36 ಬಂತು, ಮೂರರಲ್ಲಿ ಎರಡು ಭಾಗ ಅಂದರೆ 24. ಗೆದ್ದವರು 22 ಬರೆದಿದ್ದ ತರಕಾರಿ ದಲಾಲರು. ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು. ಎಲ್ಲರೂ 50 ಬರೆದರೆ ಗೆಲ್ಲುವುದು 33, ಎಲ್ಲರೂ 33 ಬರೆದರೆ 22, ಹೀಗೆ ಇಳಿಯುತ್ತಾ ಹೋಗುತ್ತದೆ. ಎಲ್ಲರೂ ಕೊನೆಯವರೆಗೆ ಯೋಚನೆ ಮಾಡುವವರಾದರೆ ಉತ್ತರ ಸೊನ್ನೆಯೇ, ಆ ಹುಡುಗಿಯ ಲೆಕ್ಕ ಪುಸ್ತಕದ ಪ್ರಕಾರ ಸರಿ. ಆದರೆ ಹಾಲ್‌ನಲ್ಲಿ ಕೂತವರು ಒಂದೋ ಎರಡೋ ಹೆಜ್ಜೆ ಮುಂದೆ ಯೋಚಿಸಿ ನಿಲ್ಲುತ್ತಾರೆ. ದಲಾಲರನ್ನು ಹೇಗೆ ಹೊಳೆಯಿತು ಅಂತ ಕೇಳಿದರೆ, ಇಲ್ಲಿರುವ ಮುಖ ನೋಡಿದೆ, ಜನ ಎಷ್ಟು ಯೋಚನೆ ಮಾಡ್ತಾರೆ ಅಂತ ಅಂದಾಜು ಮಾಡಿದೆ, ಅದಕ್ಕಿಂತ ಒಂದೇ ಹೆಜ್ಜೆ ಮುಂದೆ ಹೋದೆ ಅಂದರು. ಮೂವತ್ತು ವರ್ಷ ಹರಾಜಿನಲ್ಲಿ ನಿಂತ ಮನುಷ್ಯ ಅವರು. ನನಗೆ ಅಲ್ಲೇ ಕ್ಲಾಸಿನ ಮೇಲೆ ನಂಬಿಕೆ ಬಂತು.

ಎರಡನೇ ಭಾನುವಾರ ನಮ್ಮ ನೋವಿಗೇ ಕೈ ಹಾಕಿದರು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಉದ್ಯಮಬಾಗದ ಅರ್ಧ ಕಥೆ ಇದರಲ್ಲಿದೆ. ಇಬ್ಬರು ವಾಲ್ವ್ ಬಾಡಿ ಅನ್ನುವ ಒಂದೇ ಪಾರ್ಟಿಗೆ ಕೋಟ್ ಮಾಡುತ್ತಾರೆ, ಅಂದರೆ ರೇಟ್ ಬರೆದು ಕೊಡುತ್ತಾರೆ ಅಂದುಕೊಳ್ಳಿ. ಇಬ್ಬರಿಗೂ ಖರ್ಚು ಪೀಸಿಗೆ 34 ರೂಪಾಯಿ. ಆರ್ಡರ್ 2,000 ಪೀಸ್. ಇಬ್ಬರೂ 42 ಬರೆದರೆ ಕಂಪನಿ ಅರ್ಧರ್ಧ ಹಂಚುತ್ತದೆ, ತಲಾ 8,000 ರೂಪಾಯಿ ಉಳಿಯುತ್ತದೆ. ಒಬ್ಬ ಮಾತ್ರ 40 ಬರೆದರೆ ಪೂರ್ತಿ ಆರ್ಡರ್ ಅವನದ್ದೇ, 12,000 ಉಳಿಯುತ್ತದೆ, ಇನ್ನೊಬ್ಬನಿಗೆ ಸೊನ್ನೆ. ಇಬ್ಬರೂ 40 ಬರೆದರೆ ತಲಾ 6,000. ಈಗ ಎದುರಿನವ ಏನೇ ಬರೆಯಲಿ, ನನಗೆ 40 ಬರೆಯುವುದೇ ಲಾಭ. ಅವನಿಗೂ ಅಷ್ಟೇ. ಹಾಗಾಗಿ ಇಬ್ಬರೂ 40 ಬರೆದು, 8,000 ಸಿಗಬೇಕಾದ ಕಡೆ 6,000 ತೆಗೆದುಕೊಂಡು ಮನೆಗೆ ಹೋಗುತ್ತೇವೆ. ಮುಂದಿನ ಸಲ 39, ಆಮೇಲೆ 38. ಬೆಲೆ ಒಂದರಲ್ಲೇ ಪೈಪೋಟಿ ನಡೆದರೆ ಅದು ಖರ್ಚಿನ ಹತ್ತಿರ ಬಂದು ನಿಲ್ಲುತ್ತದೆ ಅಂತ ಫ್ರಾನ್ಸಿನ ಬರ್ಟ್ರಾಂಡ್ 1883ರಲ್ಲೇ ಹೇಳಿದ್ದರಂತೆ. ನಾವು ಅದನ್ನು 2013ರಿಂದ ಇಲ್ಲಿ ಮಾಡಿ ನೋಡುತ್ತಿದ್ದೇವೆ.

ಈ ಆಟಕ್ಕೆ ಕೈದಿಗಳ ಇಕ್ಕಟ್ಟು ಅಂತ ಹೆಸರು. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಫ್ಲಡ್ ಮತ್ತು ಡ್ರೆಷರ್ ಎಂಬ ಇಬ್ಬರು ಇದನ್ನು ಕಟ್ಟಿದರು, ಟಕ್ಕರ್ ಎಂಬ ಗಣಿತದ ಪ್ರೊಫೆಸರ್ ಅದಕ್ಕೆ ಇಬ್ಬರು ಕೈದಿಗಳ ಕಥೆ ಸೇರಿಸಿದರು: ಬೇರೆ ಬೇರೆ ಕೂಡಿಹಾಕಿ, ಇನ್ನೊಬ್ಬನ ಮೇಲೆ ಬಾಯಿಬಿಟ್ಟರೆ ನಿನಗೆ ಶಿಕ್ಷೆ ಇಲ್ಲ ಅಂತ ಇಬ್ಬರಿಗೂ ಆಸೆ ತೋರಿಸುವ ಕಥೆ. ಅದೇ ವರ್ಷ 21 ವಯಸ್ಸಿನ ಜಾನ್ ನ್ಯಾಶ್ ಎರಡೇ ಪುಟದ ಲೇಖನದಲ್ಲಿ ಸಮತೋಲನದ ಮಾತು ಹೇಳಿದರು. ಸಮತೋಲನ ಅಂದರೆ, ಎದುರಿನವರು ತಮ್ಮ ಆಟ ಬದಲಿಸದೆ ಇದ್ದಾಗ ನಾನೊಬ್ಬನೇ ಬದಲಿಸಿದರೆ ನನಗೇನೂ ಜಾಸ್ತಿ ಸಿಗುವುದಿಲ್ಲ ಅನ್ನುವ ಜಾಗ. ಅದಕ್ಕೆ 1994ರಲ್ಲಿ ಹರ್ಸಾನಿ, ಸೆಲ್ಟನ್ ಜೊತೆ ನೊಬೆಲ್ ಬಂತು. ನನಗೆ ಮುಖ್ಯ ಅನಿಸಿದ್ದು ಬೇರೆ. ಸಮತೋಲನ ಅಂದ ತಕ್ಷಣ ಒಳ್ಳೆಯದೇನೋ ಅಂದುಕೊಂಡಿದ್ದೆ. ಇಬ್ಬರೂ ಸೋಲುವ ಜಾಗವೂ ಸಮತೋಲನವೇ ಆಗಿರುತ್ತದೆ. ಇಷ್ಟು ವರ್ಷ ನಾನು ಪಕ್ಕದ ಶೆಡ್‌ನವರಿಗೆ ವ್ಯಾಪಾರ ಗೊತ್ತಿಲ್ಲ, ಸುಮ್ನೆ ರೇಟ್ ಇಳಿಸುತ್ತಾರೆ ಅಂತ ಬೈದುಕೊಳ್ಳುತ್ತಿದ್ದೆ. ಅವರು ನನ್ನ ಹಾಗೆಯೇ ಲೆಕ್ಕ ಹಾಕುತ್ತಿದ್ದರು ಅಷ್ಟೇ. ಅವತ್ತು ಮನೆಗೆ ಹೋಗುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಇದನ್ನು ಕೇಳಿದ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಹೊಳೆಯುತ್ತದೆ ಅಲ್ವಾ? ಮಚ್ಛೆಯವರೊಬ್ಬರು ಕೇಳಿಯೇ ಬಿಟ್ಟರು. ಹಾಗಾದರೆ ಹತ್ತು ಜನ ಚಹಾ ಕುಡಿಯುತ್ತಾ ಕೂತು, 42ಕ್ಕಿಂತ ಕಡಿಮೆ ಯಾರೂ ಬರೆಯಬಾರದು ಅಂತ ಮಾತಾಡಿಕೊಂಡರೆ ಆಯಿತಲ್ಲ? ಮೇಷ್ಟ್ರು ತಕ್ಷಣ ಬೇಡ ಅಂದರು. ಸ್ಪರ್ಧಾ ಕಾಯ್ದೆ 2002ರ 3ನೇ ಕಲಂ ಪ್ರಕಾರ ಅದು ಕಾರ್ಟೆಲ್. ದಂಡ ಆ ಅವಧಿಯ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡಾ 10, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಹೋಗಬಹುದು. ಇನ್ನೂ ಒಂದು ವಿಷಯ ಹೇಳಿದರು, ನನಗೆ ಅದು ತುಂಬಾ ಹಿಡಿಸಿತು. ಕಾರ್ಟೆಲ್ ಒಡೆಯುವುದಕ್ಕೂ ಸರ್ಕಾರ ಇದೇ ಕೈದಿಗಳ ಆಟ ಹೂಡಿದೆ. ಮೊದಲು ಬಂದು ಪೂರ್ತಿ ವಿಷಯ ಬಿಚ್ಚಿಟ್ಟವನಿಗೆ ದಂಡದಲ್ಲಿ ಶೇಕಡಾ 100ರವರೆಗೆ ವಿನಾಯಿತಿ, ಎರಡನೆಯವನಿಗೆ 50ರವರೆಗೆ, ಮೂರನೆಯವನಿಗೆ 30ರವರೆಗೆ. ಒಳಗಿರುವ ಪ್ರತಿಯೊಬ್ಬನಿಗೂ ಪಕ್ಕದವ ನನಗಿಂತ ಮೊದಲು ಓಡಿಬಿಟ್ಟರೆ ಅನ್ನುವ ಭಯ. ಅದು ಸಾಕು. ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೇ ಈ ಕ್ಲಾಸಿಗೆ ಒಂದು ಮಾರ್ಕ್ ಜಾಸ್ತಿ ಕೊಡುತ್ತೇನೆ, ಯಾಕಂದರೆ ಅರ್ಧಂಬರ್ಧ ಕಲಿತವರು ನೇರ ಅಲ್ಲಿಗೇ ಹೋಗಿ ಬೀಳುತ್ತಾರೆ.

ಹಾಗಾದರೆ ದಾರಿ ಏನು? ಆಟವನ್ನೇ ಬದಲಿಸಬೇಕು. ಬರೀ ಬೆಲೆ ನೋಡುವ ಆಟದಲ್ಲಿ ನೀವು 40 ಬರೆಯಲೇಬೇಕು. ಕಂಪನಿಯವರು ಇನ್ನೇನಾದರೂ ನೋಡುವ ಹಾಗೆ ಮಾಡಿದರೆ ಲಾಭದ ಕೋಷ್ಟಕದೊಳಗಿನ ಅಂಕಿಗಳೇ (ಮೇಲಿನ 8,000, 12,000, 6,000 ಥರದವು) ಬದಲಾಗುತ್ತವೆ. ತಪಾಸಣೆ ವರದಿ ಜೊತೆಗೇ ಕಳಿಸುವುದು, ಪಾರ್ಟ್ ಹಿಡಿದಿಡುವ ಫಿಕ್ಸ್‌ಚರ್ ನಮ್ಮದೇ ಮಾಡಿ ಇಟ್ಟುಕೊಳ್ಳುವುದು, ಬೇರೆಯವರು ಮುಟ್ಟದ ಕಷ್ಟದ ಪಾರ್ಟ್ ಹಿಡಿಯುವುದು. ಹೊಸ ಮಾತೇನಲ್ಲ, ನಮ್ಮ ತಂದೆಯೂ ಹೇಳುತ್ತಿದ್ದರು. ಆದರೆ ಅದು ಯಾಕೆ ಕೆಲಸ ಮಾಡುತ್ತದೆ ಅಂತ ಕೋಷ್ಟಕ ಇಟ್ಟು ತೋರಿಸಿದಾಗ ಬೇರೆ ಥರ ಮನಸ್ಸಿಗೆ ಇಳಿಯುತ್ತದೆ.

ಮೂರನೇ ಭಾನುವಾರದ ಪಾಠಕ್ಕೆ ನಾನು ಪೂರ್ತಿ 3,500 ಕೊಡಲು ತಯಾರಿದ್ದೆ. ಮೇಜಿನ ಮೇಲೆ ಒಂದು ಗಾಜಿನ ಬರಣಿ, ತುಂಬಾ ಒಂದು ರೂಪಾಯಿ ನಾಣ್ಯ. ಒಳಗೆ ಎಷ್ಟಿದೆ ಅಂತ ಅಂದಾಜು ಮಾಡಿ ಹರಾಜಿಗೆ ಚೀಟಿ ಬರೆಯಿರಿ, ಜಾಸ್ತಿ ಬರೆದವರು ಅಷ್ಟು ದುಡ್ಡು ಕೊಟ್ಟು ಬರಣಿ ಒಯ್ಯಬಹುದು ಅಂದರು. ಚೀಟಿಗಳ ಸರಾಸರಿ 260. ಗೆದ್ದ ಚೀಟಿ 420. ಬರಣಿಯಲ್ಲಿ ಇದ್ದದ್ದು 312. ನೋಡಿ, ಎಲ್ಲರ ಚೀಟಿಯ ಸರಾಸರಿ ಇದ್ದದ್ದಕ್ಕಿಂತ ಕಡಿಮೆಯೇ ಇತ್ತು, ಆದರೂ ಗೆದ್ದವನು 108 ರೂಪಾಯಿ ಕಳೆದುಕೊಂಡ. ಯಾಕಂದರೆ ಗೆಲ್ಲುವುದು ಅತಿ ಜಾಸ್ತಿ ತಪ್ಪು ಮಾಡಿದವನು. ಇದಕ್ಕೆ ಗೆದ್ದವನ ಶಾಪ ಅಂತಾರೆ. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲದ ಜಾಗ ಹರಾಜಿನಲ್ಲಿ ಹಿಡಿದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಅಂತ ಹುಡುಕುತ್ತಾ ಹೋದ ಮೂವರು ಎಂಜಿನಿಯರ್‌ಗಳು 1971ರಲ್ಲಿ ಇದನ್ನು ಬರೆದರು. ಅವರು ಪ್ರೊಫೆಸರ್‌ಗಳಲ್ಲ, ತೈಲ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದವರು.

ನಮ್ಮದು ಉಲ್ಟಾ ಹರಾಜು, ಕಡಿಮೆ ಬರೆದವನೇ ಗೆಲ್ಲುತ್ತಾನೆ. ಶಾಪ ಮಾತ್ರ ಅದೇ. ಎರಡು ವರ್ಷದ ಹಿಂದೆ 4,000 ಫ್ಲ್ಯಾಂಜ್‌ನ ಆರ್ಡರ್ ನನಗೆ ಸಿಕ್ಕಿತ್ತು. ನಾನು 58 ಬರೆದಿದ್ದೆ. ಉಳಿದ ಮೂವರು 66, 67, 71. ಸಿಕ್ಕಿದ ದಿನ ಹುಡುಗರಿಗೆ ಪೇಡೆ ಹಂಚಿದೆ. ಕಾಸ್ಟಿಂಗ್ ಬಂತು, ಶುರು ಮಾಡಿದೆವು, ಒಳಗೆ ಬ್ಲೋ ಹೋಲ್ (ಗಾಳಿ ತೂತು), ಅಲ್ಲಲ್ಲಿ ಕಲ್ಲಿನಂಥ ಗಟ್ಟಿ ಜಾಗ. ರಿಜೆಕ್ಷನ್ ಶೇಕಡಾ 3 ಅಂತ ಲೆಕ್ಕ ಹಾಕಿದ್ದೆ, 11 ಆಯಿತು. ಲೋಹ ಕತ್ತರಿಸುವ ಇನ್ಸರ್ಟ್ ಮುರಿದು ಮುರಿದು ಟೂಲ್ ಖರ್ಚು ಎರಡು ಪಟ್ಟಾಯಿತು. ಕಂಪನಿಯಿಂದ ದುಡ್ಡು ಕಡಿತದ ಡೆಬಿಟ್ ನೋಟ್ ಬೇರೆ. ಕೊನೆಗೆ ಪೀಸಿಗೆ 5 ರೂಪಾಯಿ ಕೈಯಿಂದ ಹೋಗಿತ್ತು, ಒಟ್ಟು 20,000. ಇಷ್ಟು ದಿನ ಅದನ್ನು ನನ್ನ ದುರದೃಷ್ಟ ಅಂದುಕೊಂಡಿದ್ದೆ. ಆ ಬರಣಿ ನೋಡಿದ ಮೇಲೆ ಅರ್ಥವಾಯಿತು. ಆ ಫೌಂಡ್ರಿಯ ಮಾಲು ಹೇಗಿರುತ್ತದೆ ಅಂತ ಉಳಿದ ಮೂವರಿಗೆ ಗೊತ್ತಿತ್ತು. ಅವರ 66, 67, 71ರೊಳಗೆ ಆ ಸುದ್ದಿ ಇತ್ತು. ನನಗೆ ಆ ಸುದ್ದಿ ತಿಳಿದದ್ದು ಗೆದ್ದ ಮೇಲೆ.

ಇದಕ್ಕೆ ಮೇಷ್ಟ್ರು ಕೊಟ್ಟ ಮದ್ದು ಸರಳ. ರೇಟ್ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ರೇಟಿಗೆ ನಾನು ಗೆದ್ದೆ ಅಂದರೆ ಉಳಿದವರೆಲ್ಲ ಇದಕ್ಕಿಂತ ಜಾಸ್ತಿ ಬರೆದಿದ್ದಾರೆ ಅಂತ ಅರ್ಥ, ಅದು ಗೊತ್ತಾದ ಮೇಲೂ ನನ್ನ ಖರ್ಚಿನ ಅಂದಾಜು ಇಷ್ಟೇ ಇರುತ್ತದಾ? ಇರುವುದಿಲ್ಲ ಅನಿಸಿದರೆ ಈಗಲೇ ಸ್ವಲ್ಪ ಏರಿಸಿ ಬರೆಯಿರಿ. ಇನ್ನೊಂದು ಮಾತು ನಮ್ಮ ಅಭ್ಯಾಸಕ್ಕೆ ಪೂರ್ತಿ ತಿರುಗುಮುರುಗು. ಮೂವರು ಕೋಟ್ ಮಾಡುವಾಗ ಇರುವ ಎಚ್ಚರ ಹತ್ತು ಜನ ಕೋಟ್ ಮಾಡುವಾಗ ಇನ್ನೂ ಜಾಸ್ತಿ ಬೇಕು, ಯಾಕಂದರೆ ಹತ್ತು ಜನರಲ್ಲಿ ಅತಿ ಕಡಿಮೆ ಬರೆದವನ ತಪ್ಪು ಮೂವರಲ್ಲಿ ಕಡಿಮೆ ಬರೆದವನ ತಪ್ಪಿಗಿಂತ ದೊಡ್ಡದಿರುತ್ತದೆ. ನಾವೇನು ಮಾಡುತ್ತೇವೆ? ಜನ ಜಾಸ್ತಿ ಇದ್ದಷ್ಟೂ ಹೆದರಿ ಇನ್ನೂ ಇಳಿಸುತ್ತೇವೆ. ಈಗ ಕೆಲವು ಕಂಪನಿಗಳು ಆನ್‌ಲೈನ್‌ನಲ್ಲಿ ಉಲ್ಟಾ ಹರಾಜು ಇಡುತ್ತವೆ, ಸ್ಕ್ರೀನ್ ಮೇಲೆ ಎಲ್ ಒನ್, ಅಂದರೆ ಅತಿ ಕಡಿಮೆ ರೇಟ್ ಇಳಿಯುತ್ತಾ ಹೋಗುತ್ತದೆ, ಕೊನೆಯ ಎರಡು ನಿಮಿಷ ಕೈ ತಡೆಯುವುದಿಲ್ಲ. ಕ್ಲಾಸ್ ಮುಗಿದ ಮೇಲೆ ಅಂಥ ಎರಡು ಹರಾಜಿನಲ್ಲಿ ಕೂತೆ. ಎರಡರಲ್ಲೂ ಮೊದಲೇ ಕಾಗದದ ಮೇಲೆ ಕೊನೆಯ ರೇಟ್ ಬರೆದು, ಹೆಂಡತಿ ಕೈಗೆ ಕೊಟ್ಟು ಕೂತಿದ್ದೆ. ಒಂದು ಸೋತೆ, ಒಂದು ಗೆದ್ದೆ. ಗೆದ್ದದ್ದರಲ್ಲಿ ಪೀಸಿಗೆ 6 ರೂಪಾಯಿ ಉಳಿಯುತ್ತಿದೆ.

ನಾಲ್ಕನೇ ವಾರ ಅಷ್ಟು ಚೆನ್ನಾಗಿರಲಿಲ್ಲ. ಅರ್ಧ ಹೊತ್ತು ಶೀತಲ ಸಮರ, ಅಣುಬಾಂಬು. ಆಮೇಲೆ 2010ರ ಮೊಬೈಲ್ 3ಜಿ ತರಂಗಾಂತರದ ಹರಾಜು, 34 ದಿನ, 183 ಸುತ್ತು. ಕೇಳಲು ಚೆನ್ನ, ಆದರೆ ನಮಗೆ ಅದರಿಂದ ಏನು ತೆಗೆದುಕೊಳ್ಳಬೇಕು ಅಂತ ಬಿಡಿಸಲಿಲ್ಲ. ಮಿಶ್ರ ತಂತ್ರ (ಎದುರಿನವರಿಗೆ ಊಹಿಸಲು ಆಗದ ಹಾಗೆ ಆಟ ಬದಲಿಸುತ್ತಾ ಆಡುವುದು) ಅನ್ನುವ ಭಾಗವನ್ನು ಬೀಜಗಣಿತದಲ್ಲಿ ಓಡಿಸಿಬಿಟ್ಟರು. ಬೇಕರಿಯವರು ಪೆನ್ ಕೆಳಗಿಟ್ಟು ಕೂತರು. ಸ್ಲೈಡ್‌ಗಳೆಲ್ಲ ಇಂಗ್ಲಿಷಿನಲ್ಲಿ ಇದ್ದವು. ಮಾತು ಇಷ್ಟು ಚಂದದ ಕನ್ನಡದಲ್ಲಿ ಇರುವಾಗ ಸ್ಲೈಡ್ ಯಾಕೆ ಹಾಗೆ? ಇದನ್ನು ನಾನು ಅವರಿಗೇ ಹೇಳಿದ್ದೇನೆ, ಬದಲಿಸುತ್ತೇನೆ ಅಂದಿದ್ದಾರೆ. ಅವತ್ತೇ ಕರೆಂಟ್ ಕೂಡ ಹೋಯಿತು, ಹಾಲ್‌ನಲ್ಲಿ ಇನ್ವರ್ಟರ್ ಇಲ್ಲ. ಕೊನೆಗೆ ಅರ್ಧ ಕಿಲೋ ಕುಂದಾ ಹರಾಜು ಹಾಕಿದ್ದು ಮಾತ್ರ ನೆನಪಿನಲ್ಲಿ ಉಳಿದಿದೆ. ಜಾಸ್ತಿ ಬರೆದವನಿಗೆ ಕುಂದಾ, ಆದರೆ ಅವನು ಕೊಡಬೇಕಾದದ್ದು ಎರಡನೆಯವನು ಬರೆದ ಬೆಲೆ. ಹಾಗಿದ್ದಾಗ ನಿಮಗೆ ಅದು ಎಷ್ಟು ಬೆಲೆಯದ್ದು ಅನಿಸುತ್ತದೋ ಅಷ್ಟನ್ನೇ ನಿಜವಾಗಿ ಬರೆಯುವುದು ಎಲ್ಲಕ್ಕಿಂತ ಒಳ್ಳೆಯ ಆಟ. 1961ರಲ್ಲಿ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ತೋರಿಸಿದರು. 1996ರಲ್ಲಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರಂತೆ. ಕೇಳಿ ಬೇಜಾರಾಯಿತು.

ಐದನೇ ಭಾನುವಾರ ಪೇಮೆಂಟ್ ವಿಷಯ. ಹಾಲ್‌ನಲ್ಲಿ ಎಲ್ಲರೂ ನೇರ ಕೂತರು. ಒಂದೇ ಸಲದ ಆಟ ಬೇರೆ, ಮತ್ತೆ ಮತ್ತೆ ಆಡುವ ಆಟ ಬೇರೆ. ಆಕ್ಸೆಲ್‌ರಾಡ್ ಎಂಬವರು 1980ರ ಸುಮಾರಿಗೆ ಕೈದಿಗಳ ಆಟಕ್ಕೆ ಕಂಪ್ಯೂಟರ್ ಪಂದ್ಯ ಇಟ್ಟರು. ಮೊದಲ ಸಲ 14 ಪ್ರೋಗ್ರಾಂ, ಎರಡನೇ ಸಲ 62. ಎರಡೂ ಸಲ ಗೆದ್ದದ್ದು ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ, ರಾಪೊಪೋರ್ಟ್ ಎಂಬವರು ಕಳಿಸಿದ್ದು. ಅದು ಮಾಡುತ್ತಿದ್ದದ್ದು ಇಷ್ಟೇ: ಮೊದಲು ಒಳ್ಳೆಯದಾಗಿ ನಡೆದುಕೋ, ಆಮೇಲೆ ಎದುರಿನವ ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡು. ನಮ್ಮ ಹಳ್ಳಿ ಮದುವೆಯ ಮುಯ್ಯಿಯ ಹಾಗೆ. ನಾಳೆ ಮತ್ತೆ ಭೇಟಿಯಾಗುವವರ ನಡುವೆ ಮಾತ್ರ ಇದು ನಡೆಯುತ್ತದೆ.

ಈಗ ನಮ್ಮ ಬಿಲ್. ಎಂಎಸ್‌ಎಂಇ ಕಾಯ್ದೆ 2006ರ ಪ್ರಕಾರ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ನಾವು ಯಾರೂ ಹಾಕುವುದಿಲ್ಲ. ನನ್ನ ಒಂದು ಬಿಲ್ 130 ದಿನ ನಿಂತಿತ್ತು, ಆಗಲೂ ಹಾಕಲಿಲ್ಲ. ದೂರು ಹಾಕಿದರೆ ಮುಂದಿನ ಆರ್ಡರ್ ಇಲ್ಲ, ಅಲ್ವಾ? ಪರ್ಚೇಸ್‌ನವರಿಗೂ ಅದು ಚೆನ್ನಾಗಿ ಗೊತ್ತು. ಹಾಕಿದವನಿಗೇ ಜಾಸ್ತಿ ನಷ್ಟವಾಗುವ ಬೆದರಿಕೆಯನ್ನು ಯಾರೂ ನಂಬುವುದಿಲ್ಲ. 2005ರಲ್ಲಿ ಔಮನ್ ಜೊತೆ ನೊಬೆಲ್ ಪಡೆದ ಶೆಲ್ಲಿಂಗ್ ಅವರ ಕೆಲಸದಲ್ಲಿ ದೊಡ್ಡ ಪಾಲು ಇದೇ ವಿಷಯವಂತೆ. ಮೇಷ್ಟ್ರು ಅದನ್ನು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಎಚ್ ಉಪವಿಧಿಗೆ ತಂದು ಜೋಡಿಸಿದ ರೀತಿಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು ಅಂದುಕೊಂಡೆ. ಗಡುವಿನೊಳಗೆ ಸಣ್ಣ ಉದ್ಯಮಕ್ಕೆ ದುಡ್ಡು ಕೊಡದಿದ್ದರೆ ಖರೀದಿದಾರರು ಆ ಖರ್ಚನ್ನು ಆ ವರ್ಷ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಇಲ್ಲಿ ನಾನು ದೂರು ಹಾಕಬೇಕಿಲ್ಲ, ಯಾರ ಮುಖ ಕೆಡಿಸಬೇಕಿಲ್ಲ. ಶಿಕ್ಷೆ ತಾನಾಗಿಯೇ ಬೀಳುತ್ತದೆ, ಅದಕ್ಕೇ ನಂಬುತ್ತಾರೆ. 2024ರ ಮಾರ್ಚ್‌ನಲ್ಲಿ ನನ್ನ ಹಳೆಯ ಬಿಲ್ ಎರಡು ತಾನಾಗಿಯೇ ಬಂದಿದ್ದವು, ಯಾಕೆ ಬಂದವು ಅಂತ ಅವತ್ತು ತಿಳಿದಿರಲಿಲ್ಲ. ಈಗ ಪ್ರತಿ ಬಿಲ್ ಮೇಲೂ ಉದ್ಯಮ್ ನೋಂದಣಿ ಸಂಖ್ಯೆ, ಅಂದರೆ ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರ ಕೊಟ್ಟ ನಂಬರ್, ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಆರನೇ ವಾರ ನಮ್ಮ ನಮ್ಮ ಸಮಸ್ಯೆ ಇಟ್ಟುಕೊಂಡು ಕೋಷ್ಟಕ ಬರೆಯುವುದು. ಇಲ್ಲಿ ಒಂದು ಕೊರತೆ ಎದ್ದು ಕಂಡಿತು. ಕೋಷ್ಟಕದ ನಾಲ್ಕು ಮನೆ ಎಲ್ಲರೂ ಬರೆದರು, ಒಳಗೆ ಅಂಕಿ ತುಂಬಲು ಅರ್ಧ ಜನಕ್ಕೆ ಆಗಲಿಲ್ಲ. ತಮ್ಮ ಪೀಸಿನ ನಿಜವಾದ ಖರ್ಚು ಎಷ್ಟು ಅಂತಲೇ ಲೆಕ್ಕ ಇರಲಿಲ್ಲ. ಸೆಟಪ್ ಹೊತ್ತು, ಟೂಲ್, ಕರೆಂಟ್, ಮಷಿನ್ ಸಾಲದ ಕಂತು, ರಿಜೆಕ್ಷನ್, ಇವೆಲ್ಲ ಸೇರಿಸಿ ಹೇಳಿ ಅಂದರೆ ಸುಮಾರು ಇಷ್ಟು ಅಂತಾರೆ. ನನ್ನ 34 ನಿಜವಾಗಿ 37 ಆಗಿದ್ದರೆ ಮೇಲಿನ ಆಟದಲ್ಲಿ 40ಕ್ಕೆ ಗೆದ್ದ ಖುಷಿ ಅರ್ಧಕ್ಕೆ ಇಳಿಯುತ್ತದೆ. ಗೇಮ್ ಥಿಯರಿ ಆ ಅಂಕಿ ಹುಡುಕಿ ಕೊಡುವುದಿಲ್ಲ. ಒಂದು ಪೂರ್ತಿ ಭಾನುವಾರ ಖರ್ಚಿನ ಲೆಕ್ಕಕ್ಕೇ ಇಡಬೇಕಿತ್ತು, ಅದೂ ಮೊದಲನೆಯದೇ. ನಾಲ್ಕನೇ ವಾರದ ಅಣುಬಾಂಬಿನ ಜಾಗಕ್ಕೆ ಅದು ಬಂದರೆ ಐದಕ್ಕೆ ಐದು ಕೊಡುತ್ತೇನೆ. ಸದ್ಯಕ್ಕೆ ಐದಕ್ಕೆ ನಾಲ್ಕು.

ಯಾರು ಹೋಗಬೇಕು? ಕೋಟ್ ಮಾಡಿ ಬದುಕುವವರು, ಹರಾಜಿನಲ್ಲಿ ನಿಲ್ಲುವವರು, ಎದುರಿಗೆ ನಾಲ್ಕೈದು ಪೈಪೋಟಿದಾರರು ಮುಖಪರಿಚಯ ಇರುವವರು ಖಂಡಿತ ಹೋಗಿ. ಸಾವಿರಾರು ಗಿರಾಕಿಗಳಿಗೆ ಎಂಆರ್‌ಪಿಗೆ ಮಾರುವ ಅಂಗಡಿಯವರಿಗೆ ಅಷ್ಟು ಉಪಯೋಗ ಕಾಣಲಿಲ್ಲ. ಬೇಕರಿಯವರೂ ಹಾಗೇ ಅಂದರು. ಗಣಿತ ಕೂಡು-ಕಳೆ, ಶೇಕಡಾ ಬಂದರೆ ಸಾಕು. ಮುಂದಿನ ಬ್ಯಾಚ್ ದೀಪಾವಳಿ ಆದ ಮೇಲೆ, ಬೆಳಿಗ್ಗೆ 10ಕ್ಕೆ. ಗಾಡಿ ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಮುಂದೆ ಜಾಗ ಇಲ್ಲ. ಹೋಗುವಾಗ ನೀವು ಸೋತ ಕಳೆದ ಹತ್ತು ಕೊಟೇಶನ್ ಜೊತೆಗೆ ಒಯ್ಯಿರಿ, ಗೆದ್ದವರ ರೇಟ್ ಗೊತ್ತಿದ್ದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನಾನು ಬರಿಗೈಯಲ್ಲಿ ಹೋಗಿದ್ದೆ, ಎರಡನೇ ವಾರದಿಂದ ಫೈಲ್ ಹೊತ್ತುಕೊಂಡು ಹೋದೆ.